ಕುಟ್ಟಿದ ಗುಳಿಗೆ

ಶ್ರಾವಣದ ಎರಡನೇ ಸೋಮವಾರ, ಬೆಳಗಿನ ಒಂಬತ್ತೂವರೆಯ ಹೊತ್ತು. ಮೆಟ್ರಿ ಊರಿನ ಕಾಲುವೆಗಳಿಗೆ ನೀರು ಬಿಟ್ಟು ಇನ್ನೂ ತಿಂಗಳು ತುಂಬಿರಲಿಲ್ಲ. ಹೆಣ್ಣುಮಕ್ಕಳೆಲ್ಲ ನಾಟಿಗೆ ಹೋಗಿ ಓಣಿ ಬಣಗುಡುತ್ತಿತ್ತು. ದುರ್ಗಕ್ಕ ಅತ್ತೆ ಉಚ್ಚೆಂಗಮ್ಮನ ಬಲ ರಟ್ಟೆಗೆ ತನ್ನ ಹೆಗಲು ಕೊಟ್ಟು, ನಡುಮನೆಯಿಂದ ಪಡಸಾಲೆಗೆ ಒಂದೊಂದೇ ಹೆಜ್ಜೆ ಹಾಕಿಸುತ್ತಿದ್ದಳು. ಹೊಸ್ತಿಲ ಹತ್ತಿರ ಬರುತ್ತಲೇ ಉಚ್ಚೆಂಗಮ್ಮನ ಎರಡೂ ಮೊಣಕಾಲು ತೊಯ್ದ ಗೋಣಿಚೀಲದ ಹಾಗೆ ಮಡಚಿಕೊಂಡವು.

"ಯವ್ವಾ, ಮನಿ ತಿರಗಾಕತ್ತೈತಿ. ಹಿಡೀಲೇ ದುರ್ಗಿ!"

"ಹಿಡದೀನಿ ಅತ್ತಿ, ಹಿಡದೀನಿ. ಕಣ್ಣು ಮುಚ್ಚಬ್ಯಾಡ್ರಿ."

ಹಿಡಿದಳು ಸರಿ. ಆದರೆ ಹಿಡಿಯುವ ಭರದಲ್ಲಿ ತಾನೇ ಕುಸಿದು ಕೂತು ಅತ್ತೆಯ ತಲೆಯನ್ನು ತೊಡೆಯ ಮೇಲೆ ತಂದುಕೊಂಡಳು. ಮುದುಕಿಯ ಮುಖ ಒಲೆಯ ಮುಂದೆ ಕೂತವರ ಮುಖದಂತೆ ಕೆಂಪಾಗಿತ್ತು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಕೈ ಮಾತ್ರ ತಣ್ಣಗಿತ್ತು. ಈ ತಿಂಗಳಲ್ಲಿ ಇದು ಮೂರನೆಯ ಸಲ.

ಒಳಗಿನಿಂದ ಹೇಮಾವತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಉಚ್ಚೆಂಗಮ್ಮನ ಒಬ್ಬಳೇ ಮಗಳು. ಸಂಡೂರಿಗೆ ಕೊಟ್ಟದ್ದು. ಪಂಚಮಿಗೆಂದು ತವರಿಗೆ ಬಂದವಳು ತಾಯಿಯ ಸ್ಥಿತಿ ನೋಡಿ ಹಾಗೇ ಉಳಿದಿದ್ದಳು. ಅಲ್ಲಿ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ಆಯಾ ಕೆಲಸ ಮಾಡುತ್ತಿದ್ದಳಾದ್ದರಿಂದ, ಮೈ-ಕೈ ನೋವಿನ ಮಾತು ಬಂದಲ್ಲೆಲ್ಲ ಅವಳದೇ ಕೊನೆಯ ಮಾತು.

"ಮತ್ತ ಬಿದ್ಳಾ?"

"ಬಿದ್ದಿಲ್ಲ, ಹಿಡಕಂಡೆ."

"ನೀ ಹಿಡಕಂಡ್ರ ಬಿದ್ದಂಗಲ್ಲೇನು? ನಾ ಬಂದಾಗಿಂದ ಎಲ್ಡು ಸಲ ಕಣ್ಣಾರೆ ನೋಡಿದೆ ಅತ್ತಿಗಿ. ನಮ್ಮಲ್ಲಿ ಪೇಷಂಟು ಒಂದ್ಸಲ ಬಿದ್ರ ಡಾಕ್ಟರು ನಾಕು ಮಂದೀನ ನಿಲ್ಲಿಸಿ ಕೇಳ್ತಾರ. ಇಲ್ಲಿ ಕೇಳೋರಿಲ್ಲ, ಹೇಳೋರಿಲ್ಲ."

ದುರ್ಗಕ್ಕ ಸೆರಗಿನಿಂದ ಅತ್ತೆಯ ಹಣೆ ಒರೆಸಿದಳು. ಉತ್ತರ ಕೊಡುವ ಚಟ ಅವಳಿಗೆ ಮೊದಲಿನಿಂದಲೂ ಇರಲಿಲ್ಲ.

"ಸೊಂಟ ಮುರದ ಮ್ಯಾಲೆ ಎದಿ ಬಡಕಂಡ್ರ ಏನ್ ಬಂತು," ಎಂದಳು ಹೇಮಾವತಿ, ದನಿ ತಗ್ಗಿಸಿ. "ಅಣ್ಣ ಬರಲಿ. ಅವ್ವನ್ನ ನಾ ಕರ್ಕಂಡು ಹೋಗ್ತೀನಿ."

ಆ ಮಾತು ದುರ್ಗಕ್ಕನ ಎದೆಗೆ ಸಣ್ಣ ಮುಳ್ಳಿನ ಹಾಗೆ ನಾಟಿತು. ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆದು ಬಲಮೈ ಬಿದ್ದುಹೋದ ದಿನದಿಂದ ಅವಳ ಹಗಲೆಲ್ಲ ಆ ಮಂಚದ ಸುತ್ತಲೇ ಕಳೆದಿತ್ತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕಬೇಕು. ಹಾಸಿಗೆಯಲ್ಲಿ ಸುಕ್ಕು ಇರಬಾರದು. ಸ್ನಾನ ಮಾಡಿಸಿದ ಮೇಲೆ ಬೆರಳ ಸಂದಿಯಲ್ಲಿ ಹಸಿ ಉಳಿಯಬಾರದು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ಇದನ್ನೆಲ್ಲ ಯಾವ ಪುಸ್ತಕದಲ್ಲೂ ಓದಲಿಲ್ಲ. ಮಾಡಿ ಮಾಡಿ ಕಲಿತಳು. ಹೊಸಪೇಟೆಯ ಡಾಕ್ಟರು ಒಮ್ಮೆ ಉಚ್ಚೆಂಗಮ್ಮನ ಬೆನ್ನು ನೋಡಿ, "ಒಂದೂ ಹುಣ್ಣಿಲ್ಲವಲ್ಲಮ್ಮ, ಯಾರು ನೋಡಿಕೊಳ್ಳುವುದು?" ಎಂದು ಕೇಳಿದ್ದರು. ಆ ಒಂದು ಪ್ರಶ್ನೆಯನ್ನು ದುರ್ಗಕ್ಕ ಬಂಗಾರದ ಹಾಗೆ ಇಟ್ಟುಕೊಂಡಿದ್ದಳು. ಹಡೆದ ಮಕ್ಕಳಿಲ್ಲದ ಮನೆಯಲ್ಲಿ ಅವಳಿಗೆ ಅತ್ತೆಯೇ ಕೂಸು. ಹಾಗಂತ ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ.

ಗುಳಿಗೆಯದ್ದೂ ಹಾಗೇ. ಲಕ್ವ ಹೊಡೆದ ಹೊಸದರಲ್ಲಿ ಉಚ್ಚೆಂಗಮ್ಮನಿಗೆ ಗುಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೀರು ಮೂಗಿಗೆ ಬಂದು ಕೆಮ್ಮುತ್ತಿದ್ದಳು. ಆಗ ಪುಡಿ ಮಾಡಿ ಕೊಡುವ ಉಪಾಯ ಹೇಳಿಕೊಟ್ಟು ಹೋದವಳು ಹೇಮಾವತಿಯೇ. ತೀರಿಕೊಂಡ ಮಾವನ ಹಿತ್ತಾಳೆ ಕುಟ್ಟಾಣಿ ನೆಲುವಿನ ಮೇಲೆ ಸುಮ್ಮನೆ ಕೂತಿತ್ತು. ಹಲ್ಲು ಬಿದ್ದ ಮೇಲೆ ಆತ ಎಲೆಅಡಿಕೆಯನ್ನು ಅದರಲ್ಲೇ ಕುಟ್ಟಿಸಿಕೊಂಡು ತಿನ್ನುತ್ತಿದ್ದದ್ದು. ಕುಟ್ಟುತ್ತಿದ್ದವಳೂ ದುರ್ಗಕ್ಕನೇ. ಅದನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಗುಳಿಗೆ ಕುಟ್ಟಿ, ಬಾಳೆಹಣ್ಣಿನಲ್ಲಿ ಕಲಸಿ ಕೊಡತೊಡಗಿದಳು. ಎರಡು ವರ್ಷ ಸುಸೂತ್ರ ನಡೆಯಿತು.

ಆಷಾಢದ ಕೊನೆಗೆ ಬಿಪಿ ಏರಿದೆಯೆಂದು ಡಾಕ್ಟರು ಒಂದು ಗುಳಿಗೆ ಬದಲಿಸಿದರು. ಹೊಸದು ಇಟ್ಟಂಗಿ ಬಣ್ಣದ್ದು. ಔಷಧದಂಗಡಿಯವನು ಚೀಟಿಯ ಮೇಲೆ ಒಂದು ಗೀಟು ಎಳೆದು, "ಬೆಳಗ್ಗೆ ತಿಂಡಿ ಆದ ಮ್ಯಾಲೆ ಒಂದು," ಅಂದ. ಹೇಗೆ ಕೊಡುತ್ತೀಯ ಎಂದು ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಅನ್ನಕ್ಕಿಡುವ ಮೊದಲು ಅಕ್ಕಿ ತೊಳೆದೆಯಾ ಎಂದು ಯಾರಾದರೂ ಕೇಳುತ್ತಾರೆಯೇ? ಈ ಗುಳಿಗೆ ಮಾತ್ರ ಸುಲಭಕ್ಕೆ ಪುಡಿಯಾಗುತ್ತಿರಲಿಲ್ಲ. ಮೇಲೊಂದು ತೆಳ್ಳನೆಯ ಸಿಪ್ಪೆ, ಹುರಿದ ಶೇಂಗಾದ ಸಿಪ್ಪೆಯಂಥದ್ದು. ಅದು ಅತ್ತೆಯ ಅಂಗುಳಿಗೆ ಅಂಟೀತೆಂದು ದುರ್ಗಕ್ಕ ದಿನಾ ಉಗುರಿನಿಂದ ಆ ಚೂರುಗಳನ್ನು ಆರಿಸಿ ತೆಗೆದು, ಉಳಿದದ್ದನ್ನು ಹಿಟ್ಟಿನಷ್ಟು ನುಣ್ಣಗೆ ಮಾಡಿ ಕೊಡುತ್ತಿದ್ದಳು.

ಮಧ್ಯಾಹ್ನ ಗಂಡ ಎರ್ರಿಯಪ್ಪ ಊಟಕ್ಕೆ ಬಂದ. ಅವನು ಊರಿನ ನೀರಗಂಟಿ. ಯಾರ ಗದ್ದೆಗೆ ಯಾವ ಹೊತ್ತು ತೂಬು ಎತ್ತಬೇಕು, ಎಷ್ಟು ಎತ್ತಬೇಕು ಎಂದು ಲೆಕ್ಕ ಇಟ್ಟು ನೀರು ಹಂಚುವವನು. ಹೊಲದವರ ಜಗಳ ಕೇಳಿ ಕೇಳಿ ಮನೆಯಲ್ಲಿ ಮಾತು ಕಡಿಮೆ. ತಂಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮುದ್ದೆ ಮುರಿಯುತ್ತಲೇ, "ನಾಳೆ ನರ್ಸಮ್ಮನ್ನ ಬರಾಕ ಹೇಳ್ತೀನಿ. ಆಕಿ ನೋಡಲಿ. ಆಮ್ಯಾಲೆ ಕರ್ಕಂಡು ಹೋಗೋ ಮಾತು," ಅಂದ.

"ನರ್ಸಮ್ಮ ಏನ್ ನೋಡ್ತಾಳ? ನೋಡಬೇಕಾದವ್ರು ನೋಡಿದ್ರ ಸಾಕಿತ್ತು," ಎಂದಳು ಹೇಮಾವತಿ.

ಮಂಚದ ಮೇಲಿನಿಂದ ಉಚ್ಚೆಂಗಮ್ಮ ಗುಡುಗಿದಳು. "ಲೇ ಹೇಮಿ, ನಾ ಇನ್ನಾ ಸತ್ತಿಲ್ಲ. ಪಾಲು ಹಂಚೋರಂಗ ಮಾತಾಡ್ಬ್ಯಾಡ. ಸಾರಿಗೆ ಉಪ್ಪು ಹಾಕಿಲ್ಲ, ಅದನ್ನ ನೋಡು ಮೊದ್ಲು."

ಮಂಗಳವಾರ ಎಂಟು ಗಂಟೆಗೆ ಗಾಯತ್ರಿ ಬಂದಳು. ಊರಿನ ಆರೋಗ್ಯ ಕೇಂದ್ರದ ನರ್ಸು, ಮೂವತ್ತರ ಒಳಗಿನ ಹುಡುಗಿ. ಸ್ಕೂಟಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಕೈ ತೊಳೆದುಕೊಂಡು, ಮುದುಕಿಯ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು.

"ಅಜ್ಜೀ, ಹೆಂಗದೀರಿ?"

"ನೀ ಆ ಪಟ್ಟಿ ಬಿಗಿಯೂ ಮಟ ಚಲೋ ಇದ್ದೆನವ್ವಾ."

ಗಾಯತ್ರಿ ನಕ್ಕಳು. ನೋಡಿದಳು. ನೂರಾ ಎಂಬತ್ತರ ಮೇಲಿತ್ತು. "ಭಾಳ ಐತಿ. ದಿನಾ ಕೊಟ್ಟಂಗ ಗುಳಿಗಿ ಕೊಡ್ರಿ. ನಾ ಓಣ್ಯಾಗ ಬಾಣಂತ್ಯಾರನ್ನ ನೋಡಿ ಹತ್ತಕ್ಕ ಬರ್ತೀನಿ. ಅಲ್ಲೀತನ ಎಬ್ಬಿಸಬ್ಯಾಡ್ರಿ."

ಹತ್ತಕ್ಕೆ ಅವಳು ಮತ್ತೆ ಬಂದಾಗ ಉಚ್ಚೆಂಗಮ್ಮ ಗೋಡೆ ಕಡೆ ಮುಖ ಮಾಡಿ ನರಳುತ್ತಿದ್ದಳು. ತಲೆ ಸಿಡಿಯುತ್ತದೆ ಅಂದಳು. ಮುಖ ಕೆಂಪೇರಿತ್ತು. ಗಾಯತ್ರಿ ಪಟ್ಟಿ ಸುತ್ತಿ ಒಮ್ಮೆ ನೋಡಿದಳು. ನಂಬದೆ ಇನ್ನೊಂದು ತೋಳಿಗೆ ಸುತ್ತಿ ನೋಡಿದಳು. ನಗು ಮಾಯವಾಯಿತು.

"ತೊಂಬತ್ತಕ್ಕ ಇಳದೈತಿ! ಎರಡು ತಾಸಿನಾಗ ಅರ್ಧಕ್ಕರ್ಧ. ಹಿಂಗ ಇಳದ್ರ ಯಾರಾದ್ರೂ ಬೀಳ್ತಾರ. ಕಾಲ ಕೆಳಗ ದಿಂಬು ಇಡ್ರಿ, ತಲಿ ಎತ್ತಬ್ಯಾಡ್ರಿ." ಮುದುಕಿ ಸರಿಯಾಗಿ ಮಲಗಿದ ಮೇಲೆ ಮೊಬೈಲು ತೆಗೆದಳು. "ನಾ ಹೊಸಪೇಟಿ ಡಾಕ್ಟರ ಕೂಡ ಮಾತಾಡ್ತೀನಿ. ಗುಳಿಗಿ ಬದಲಿ ಮಾಡ್ಬೇಕೋ, ತಲಿ ಸ್ಕ್ಯಾನ್ ಮಾಡಿಸ್ಬೇಕೋ ಅವ್ರು ಹೇಳಲಿ. ಅದ್ಕಿಂತ ಮೊದ್ಲು ಒಂದು ಮಾತು. ಈ ತಿಂಗಳ್ದಾಗ ಅಜ್ಜಿ ಯಾವತ್ತಾದ್ರೂ ಹಗಲೆಲ್ಲ ಚಲೋ ಇದ್ದಿದ್ದು ಐತೇನು?"

ಎಲ್ಲರೂ ಯೋಚಿಸಿದರು. ಬಾಗಿಲಿಗೆ ಒರಗಿದ್ದ ಎರ್ರಿಯಪ್ಪ ತಲೆ ಕೆರೆದುಕೊಂಡ. "ಒಂದಿನ ಇದ್ಳಲ್ಲ. ಈಕಿ ಮಲಪನಗುಡಿಗೆ ಅಕ್ಕನ ಮೊಮ್ಮಗೂನ ತೊಟ್ಲಿಗೆ ಹಾಕಾಕ ಹೋಗಿದ್ಳು, ಅವತ್ತು. ಅವ್ವ ಪಡಸಾಲ್ಯಾಗ ಕುಂತು ಸಂಜಿ ಮಟ ಓಣಿ ಮಂದೀಗೆಲ್ಲ ಬೈದಾಳ."

ಹೇಮಾವತಿಗೆ ಅಷ್ಟು ಸಾಕಾಯಿತು. "ಕೇಳಿದ್ರಾ ಮೇಡಂ? ಈಕಿ ಮನ್ಯಾಗ ಇಲ್ಲದ ದಿನ ನಮ್ಮವ್ವ ಚಲೋ ಇರ್ತಾಳ!"

 ಮುದುಕಿ ಏನೋ ಹೇಳಲು ಬಾಯಿ ತೆರೆದಳು, ತಲೆ ಸುತ್ತಿ ಮುಚ್ಚಿಕೊಂಡಳು.

"ಅವತ್ತು ಗುಳಿಗಿ ಯಾರು ಕೊಟ್ರಿ?" ಎಂದಳು ಗಾಯತ್ರಿ.

"ನಾನ ಕೊಟ್ಟೆ. ಅದೇ ಗುಳಿಗಿ, ಅದೇ ಹೊತ್ತಿಗೆ."

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ನಿಜಕ್ಕೂ ಅದೇ ಗುಳಿಗೆ. ಆದರೆ ದುರ್ಗಕ್ಕನ ಕಣ್ಣ ಮುಂದೆ ಆ ಸಂಜೆ ಬಂದು ನಿಂತಿತು. ಮಲಪನಗುಡಿಯಿಂದ ಬಂದವಳು ಮೊದಲು ನೋಡಿದ್ದು ಕುಟ್ಟಾಣಿಯನ್ನು. ಅದು ತಾನು ತೊಳೆದು ಬೋರಲು ಹಾಕಿದ ಹಾಗೇ ಇತ್ತು. ಕೇಳಿದ್ದಕ್ಕೆ ಗಂಡ, "ಕುಟ್ಟಿಕೋತ ಯಾರು ಕುಂದರ್ಬೇಕಲೇ, ತೂಬಿಗೆ ಹೊತ್ತಾಗಿತ್ತು. ಹಣ್ಣಿನಾಗ ಇಟ್ಟು ಇಡೀದು ಕೊಟ್ಟೆ, ನುಂಗಿದ್ಳು," ಅಂದಿದ್ದ. ಗಂಡಸರ ಕೆಲಸವೇ ಇಷ್ಟು ಎಂದುಕೊಂಡು ಅವಳು ಮರುದಿನ ಎಂದಿನಂತೆ ಸಿಪ್ಪೆ ತೆಗೆದು ಕುಟ್ಟಿದ್ದಳು.

 ಈ ಮಾತು ಗೊತ್ತಿರುವುದು ತನಗೊಬ್ಬಳಿಗೇ. ಗಂಡ ಮರೆತಿದ್ದಾನೆ. ಸುಮ್ಮನಿದ್ದು ನಾಳೆಯಿಂದ ಇಡೀ ಗುಳಿಗೆ ಕೊಟ್ಟರಾಯಿತು. ಅತ್ತೆ ಸುಧಾರಿಸಿದರೆ ಯಾರು ಕೇಳುತ್ತಾರೆ? ಬಾಯಿ ಬಿಟ್ಟರೆ ಮಾತ್ರ ಹೇಮಾವತಿ ಕೈಗೆ ತಾನೇ ಕೋಲು ಕೊಟ್ಟ ಹಾಗೆ. ಅತ್ತೆಯನ್ನು ಈ ಮಂಚದಿಂದ ಎತ್ತಿಕೊಂಡು ಹೋದಾಗ ತಡೆಯುವ ಒಂದು ಮಾತೂ ತನ್ನ ಬಾಯಲ್ಲಿ ಉಳಿಯುವುದಿಲ್ಲ.

ಗಾಯತ್ರಿ ನಂಬರು ಹುಡುಕುತ್ತಿದ್ದಳು. ಇನ್ನೊಂದು ಗಳಿಗೆಗೆ ಡಾಕ್ಟರು ಫೋನು ಎತ್ತುತ್ತಾರೆ. ಇಲ್ಲದ ರೋಗಕ್ಕೆ ಮತ್ತೊಂದು ಗುಳಿಗೆ ಬರೆಯುತ್ತಾರೆ.

ದುರ್ಗಕ್ಕ ಒಳಗೆ ಹೋದಳು. ಒಂದು ಕೈಯಲ್ಲಿ ಕುಟ್ಟಾಣಿ, ಇನ್ನೊಂದರಲ್ಲಿ ಗುಳಿಗೆಯ ಹಾಳೆ ಹಿಡಿದು ಬಂದು ಗಾಯತ್ರಿಯ ಮುಂದೆ ನೆಲದ ಮೇಲೆ ಇಟ್ಟಳು.

"ಮೇಡಂ, ನಾ ಇದರಾಗ ಕುಟ್ಟಿ ಕೊಡ್ತೀನಿ. ಮ್ಯಾಲಿನ ಸಿಪ್ಪಿ ತಗದು ನುಣ್ಣಗ ಮಾಡಿ. ಇವ್ರು ಅವತ್ತು ಇಡೀದು ಕೊಟ್ಟಿದ್ರು. ಬ್ಯಾರೆ ಏನೂ ಫರಕಿಲ್ಲ. ಅದೊಂದ."

ಗಾಯತ್ರಿ ಕುಟ್ಟಾಣಿ ನೋಡಿದಳು, ಹಾಳೆ ತಿರುಗಿಸಿ ಸಣ್ಣ ಅಕ್ಷರ ಓದಿದಳು. ಫೋನು ಹಚ್ಚಿಕೊಂಡು ಅಂಗಳಕ್ಕೆ ಹೋದಳು. ಬೇವಿನ ನೆರಳಲ್ಲಿ ಅತ್ತಿಂದಿತ್ತ ನಡೆಯುತ್ತ ಮಾತಾಡಿದಳು. 

ತಿರುಗಿ ಬಂದವಳು ದುರ್ಗಕ್ಕನ ಪಕ್ಕದಲ್ಲೇ ನೆಲಕ್ಕೆ ಕೂತಳು. "ಅಕ್ಕಾ, ಇದು ಕುಟ್ಟೋ ಗುಳಿಗಿ ಅಲ್ಲ. ಹೊಟ್ಟ್ಯಾಗ ಕುಂತು ಹಗಲು ರಾತ್ರಿ ಸ್ವಲ್ಪಸ್ವಲ್ಪ ಔಷಧ ಬಿಡೋ ಗುಳಿಗಿ. ಸಿಪ್ಪಿ ಇರೋದ ಅದಕ್ಕ. ಕುಟ್ಟಿದ್ರ ದಿನದ್ದೆಲ್ಲ ಒಂದ ಸಲಕ್ಕ ರಕ್ತಕ್ಕ ಬರ್ತೈತಿ. ಅದಕ್ಕ ಹತ್ತು ಗಂಟೇಕ ಪಾತಾಳ, ಬೆಳಗಾಗೂದ್ರಾಗ ಆಕಾಶ."

ಎರ್ರಿಯಪ್ಪ ತನ್ನಷ್ಟಕ್ಕೆ ಅಂದುಕೊಳ್ಳುವ ಹಾಗೆ ಅಂದ. "ತೂಬು ನಾಕು ಬೆರಳು ಎತ್ತಿ ದಿನಾಪೂರ್ತಿ ಹರಸೋ ನೀರಿಗೆ ಏರಿ ಒಡದಂಗ."

"ಹಂಗ ನೋಡ್ರಿ."

"ಏರಿ ಒಡದ್ರ ಗದ್ದಿ ಕೊಚ್ಚಿ ಹೋಗ್ತೈತಿ, ಸಂಜೀಕ ಕಾಲುವಿನೂ ಒಣಗ್ತೈತಿ," ಎಂದು ಅವನು ತಲೆಯಾಡಿಸಿದ.

ದುರ್ಗಕ್ಕನಿಗೆ ಬೇರೆ ಯಾರೂ ಬಿಡಿಸಿ ಹೇಳುವುದು ಬೇಕಾಗಲಿಲ್ಲ. ಇಪ್ಪತ್ತಾರು ದಿನ. ದಿನಾ ಬೆಳಗ್ಗೆ ಉಗುರಿನಿಂದ ಸಿಪ್ಪೆ ಆರಿಸಿ ತೆಗೆದ ಇಪ್ಪತ್ತಾರು ದಿನ.

"ಎರಡನೇತ್ತೆ ಓದಿದೋರ ಕೈಯಾಗ ಪೇಷಂಟು ಕೊಟ್ರ ಇನ್ನೇನಾಗ್ತೈತಿ!" ಹೇಮಾವತಿಯ ದನಿ ಓಣಿಗೆ ಕೇಳಿಸುವಷ್ಟಿತ್ತು. "ಅವ್ವನ್ನ ಕೊಂದಬಿಡ್ತಿದ್ದೆಲ್ಲ ಅತ್ತಿಗಿ! ಕುಟ್ಟು ಅಂತ ಯಾರು ಹೇಳಿದ್ರು ನಿನಗ?"

ದುರ್ಗಕ್ಕ ತಲೆ ಎತ್ತಿ ನಾದಿನಿಯನ್ನು ನೋಡಿದಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಮಂಚದ ಮೇಲೆ ಉಚ್ಚೆಂಗಮ್ಮನೂ ಮಗಳನ್ನೇ ನೋಡುತ್ತಿದ್ದಳು.

"ಯಾರೂ ಹೇಳಿಲ್ಲ," ಎಂದಳು ದುರ್ಗಕ್ಕ. "ನನಗ ತಿಳೀಲಿಲ್ಲ."

"ಹೇಮಕ್ಕಾ, ಬೈಯ್ಯೋದಿದ್ರ ನನಗೂ ಬೈರಿ," ಎಂದಳು ಗಾಯತ್ರಿ. "ಇದಕ್ಕ ಮೊದ್ಲೂ ಎಲ್ಡು ಸಲ ಬಿಪಿ ನೋಡಾಕ ಬಂದಿದ್ದೆ. ಗುಳಿಗಿ ಕೊಡ್ತೀರೇನು ಅಂತ ಕೇಳಿದೆ, ಹೆಂಗ ಕೊಡ್ತೀರಿ ಅಂತ ಕೇಳಲಿಲ್ಲ. ಇವ್ರು ಇವತ್ತು ಹೇಳಿರ್ಲಿಲ್ಲ ಅಂದ್ರ ನಾವೆಲ್ಲ ಅಜ್ಜಿ ತಲ್ಯಾಗ ಹುಡುಕ್ತಿದ್ವಿ."

ಆಮೇಲೆ ಅವಳು ಮುಂದಿನ ದಾರಿ ಹೇಳಿದಳು. ಗುಳಿಗೆ ಕೊಡುವಾಗ ಪೂರ್ತಿ ನೆಟ್ಟಗೆ ಕೂರಿಸಬೇಕು. ಗದ್ದ ಎದೆಯ ಕಡೆಗೆ ಬಾಗಿರಬೇಕು. ಬಾಳೆಹಣ್ಣಿನ ಚೂರಲ್ಲಿ ಇಡೀ ಗುಳಿಗೆ ಇಟ್ಟು, ನಾಲಿಗೆಯ ಎಡಮಗ್ಗುಲಿಗೆ ಕೊಡಬೇಕು. ನುಂಗಿದ ಮೇಲೆ ಬಾಯಿ ತೆರೆಸಿ ನೋಡಬೇಕು. ಕೆಮ್ಮು ಬಂದರೆ, ಇಳಿಯದಿದ್ದರೆ ಫೋನು ಮಾಡಬೇಕು. ಬೇರೆ ಗುಳಿಗೆ ಬರೆಸಬಹುದು, ಇದನ್ನು ಮಾತ್ರ ಒಡೆಯಬಾರದು. ಉಳಿದ ಎರಡು ಗುಳಿಗೆ ಕುಟ್ಟಿದರೂ ನಡೆಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಎಬ್ಬಿಸುವಾಗ ಮಂಚದ ಅಂಚಿಗೆ ಕೂರಿಸಿ, ನೂರು ಎಣಿಸಿ, ಆಮೇಲೆ ನಿಲ್ಲಿಸಬೇಕು.

"ನೂರು ಎಣಿಸೂ ಮಟ ನಾ ನಿದ್ದಿ ಮಾಡ್ತೀನಿ," ಅಂದಳು ಉಚ್ಚೆಂಗಮ್ಮ. ಅವಳ ಮುಖದ ಕೆಂಪು ಇಳಿಯತೊಡಗಿತ್ತು.

ಬುಧವಾರ ಬೆಳಗ್ಗೆ ದುರ್ಗಕ್ಕ ಹಣ್ಣು ಹೆಚ್ಚಿದಳು. ಚೂರಿನ ನಡುವೆ ಗುಳಿಗೆ ಇಟ್ಟಳು. ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು ಗದ್ದ ಬಾಗಿಸಿದಳು. ಕೈ ಬಾಯಿಯ ಹತ್ತಿರ ಬಂದದ್ದು ಅಲ್ಲೇ ನಿಂತಿತು. ಹಣ್ಣು ಜಾರಿ ಕಂಬಳಿಯ ಮೇಲೆ ಬಿತ್ತು. ಗುಳಿಗೆ ಎತ್ತಿ ಒರೆಸಿ, ಬೇರೆ ಚೂರಿನಲ್ಲಿಟ್ಟು ಮತ್ತೆ ಹಿಡಿದಳು. ಕೈ ಮತ್ತೆ ಅಲ್ಲೇ ನಿಂತಿತು.

"ಹೇಮಾ, ನೀನ ಕೊಡವ್ವಾ ಇವತ್ತು."

"ಏ, ಆಕಿ ಯಾಕ?" ಎಂದು ಮುದುಕಿ ಗದರಿದಳು. ಎಡಗೈಯಿಂದ ಸೊಸೆಯ ಮಣಿಕಟ್ಟು ಹಿಡಿದು, ತಾನೇ ಬಾಯಿಗೆ ಎಳೆದುಕೊಂಡಳು. ನುಂಗಿದಳು. ಕೇಳುವ ಮೊದಲೇ ಬಾಯಿ ಅಗಲಿಸಿ ತೋರಿಸಿದಳು. ದುರ್ಗಕ್ಕನ ಮಣಿಕಟ್ಟು ಬಿಡಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹತ್ತಾಯಿತು. ಹನ್ನೊಂದಾಯಿತು. ಉಚ್ಚೆಂಗಮ್ಮ ಪಡಸಾಲೆಯಲ್ಲಿ ಕೂತು, ಹಾಲು ಕೊಡುವ ಹೊಳೆಮ್ಮನ ಎಮ್ಮೆ ಸೊರಗಿದ್ದರ ಬಗ್ಗೆ ಅವಳಿಗೇ ಬುದ್ಧಿ ಹೇಳಿದಳು. ಅಷ್ಟೂ ಹೊತ್ತು ದುರ್ಗಕ್ಕ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡಿದಳು. ಗಳಿಗೆಗೊಮ್ಮೆ ಅತ್ತೆಯ ಹಣೆ ಮುಟ್ಟಿದಳು. ಒಲೆಯ ಮೇಲಿನ ಬೇಳೆ ಸೀದು ಹೋಯಿತು. ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಬೇಳೆ ಸೀದದ್ದು ಅದೇ ಮೊದಲು.

ಮಧ್ಯಾಹ್ನ ಹೇಮಾವತಿ ಮತ್ತೆ ಸಂಡೂರಿನ ಮಾತು ತೆಗೆದಳು. ಎರ್ರಿಯಪ್ಪ ಹೆಂಡತಿಯ ಮುಖ ನೋಡಿದ, ತಂಗಿಯ ಮುಖ ನೋಡಿದ. "ಅವ್ವನ್ನ ಕೇಳ್ರಿ," ಅಂದ.

ಉಚ್ಚೆಂಗಮ್ಮ ಸೀದ ಬೇಳೆಯ ಕಡೆ ಒಮ್ಮೆ, ಇನ್ನೂ ಕೂರದೆ ಓಡಾಡುತ್ತಿದ್ದ ಸೊಸೆಯ ಕಡೆ ಒಮ್ಮೆ ನೋಡಿದಳು. "ಹೋಗ್ತೀನಿ ಬಿಡು, ಎಲ್ಡು ತಿಂಗ್ಳು," ಎಂದಳು. "ಹೇಮಿ ಮನ್ಯಾಗ ಟಿವಿ ದೊಡ್ಡದೈತಿ. ಇಲ್ಲಿ ನಿಮ್ಮ ಟಿವ್ಯಾಗ ಮಂದಿ ಎಲ್ಲಾ ಇರುವಿ ಕಂಡಂಗ ಕಾಣ್ತಾರ."

ದುರ್ಗಕ್ಕ ಎದ್ದಳು. ಸೀರೆ ಮಡಚಲು ಒಳಗೆ ಹೋದಳು.

ಸಂಜೆ ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಅವಳು ನಾದಿನಿಗೆ ಒಂದೊಂದಾಗಿ ಹೇಳಿದಳು. ಬಲಗಡೆ ಮಲಗಿಸಿದಾಗ ಹೆಗಲ ಕೆಳಗೆ ಬಟ್ಟೆಯ ಸುರುಳಿ ಇಡಬೇಕು. ನೀರು ಉಗುರುಬೆಚ್ಚಗೆ ಇದ್ದರೂ ಅತ್ತೆ ಸುಡುತ್ತದೆ ಅನ್ನುತ್ತಾರೆ, ನಂಬಬಾರದು. ಬಲಗೈಗೆ ಮಾತ್ರ ನಿಜಕ್ಕೂ ಬಿಸಿ ಗೊತ್ತಾಗುವುದಿಲ್ಲ, ಅದಕ್ಕೆ ಜೋಕೆ. ಮೂತ್ರಕ್ಕೆ ಬಂದರೆ ಹೇಳುವುದಿಲ್ಲ, ಸಿಟ್ಟಾಗುತ್ತಾರೆ. ಸುಮ್ಮಸುಮ್ಮನೆ ಬೈಯತೊಡಗಿದರೆ ಎಬ್ಬಿಸಬೇಕು. ಹನ್ನೊಂದು ವರ್ಷ ಆಯಾ ಆಗಿದ್ದವಳು ನಡುವೆ ಬಾಯಿ ಹಾಕದೆ ಕೇಳಿದಳು. ಕೊನೆಯ ತಟ್ಟೆ ತೊಳೆದಿಟ್ಟ ಮೇಲೆ ಅವಳು ಕೈ ಒರೆಸಿಕೊಳ್ಳುತ್ತ ಹಾಗೇ ನಿಂತಳು.

"ಅತ್ತಿಗಿ."

"ಹ್ಞೂಂ."

"ಪುಡಿ ಮಾಡಿ ಕೊಡು ಅಂತ ನಾನ ಹೇಳಿ ಹೋಗಿದ್ದೆ. ಎಲ್ಡು ವರ್ಷದ ಹಿಂದ."

ದುರ್ಗಕ್ಕ ಪಾತ್ರೆಯ ಬುಟ್ಟಿ ಸೊಂಟಕ್ಕೆ ಏರಿಸಿದಳು. "ಅವಾಗಿನ ಗುಳಿಗಿ ಬ್ಯಾರೆ ಇತ್ತು," ಎಂದಳು. "ನಡೀ, ಸೊಳ್ಳಿ ಎದ್ದಾವ."

ಗುರುವಾರ ಎಂಟೂವರೆಗೆ ಹೊನ್ನೂರುಸ್ವಾಮಿಯ ಬಾಡಿಗೆ ಕಾರು ಬಾಗಿಲಿಗೆ ಬಂತು. ಉಚ್ಚೆಂಗಮ್ಮನನ್ನು ಮಂಚದ ಅಂಚಿಗೆ ಕೂರಿಸಿ ದುರ್ಗಕ್ಕ ನೂರು ಎಣಿಸಿದಳು; ಎಪ್ಪತ್ತರ ನಂತರ ತಪ್ಪಿ, ಮತ್ತೆ ಅರವತ್ತರಿಂದ ಹಿಡಿದಳು. ಯಾರೂ ಅವಸರ ಮಾಡಲಿಲ್ಲ. ಕಾರಿನಲ್ಲಿ ಹೇಮಾವತಿ ತಾಯಿಯ ಬಲಕ್ಕೆ ಕೂತಳು, ಹೆಗಲ ಕೆಳಗೆ ಬಟ್ಟೆಯ ಸುರುಳಿ ತುರುಕಿದಳು. ಕಾರು ಕಾಲುವೆಯ ಸೇತುವೆ ದಾಟಿ, ಕಬ್ಬಿನ ಮರೆಗೆ ಹೋಗುವವರೆಗೆ ಎರ್ರಿಯಪ್ಪ ಅಂಗಳದಲ್ಲಿ ನಿಂತು, ಆಮೇಲೆ ತನ್ನ ತೂಬಿನ ದಾರಿ ಹಿಡಿದ.

ಹಿತ್ತಲ ತಂತಿಯ ಮೇಲೆ ಅತ್ತೆಯ ಒಂದು ಸೀರೆ ಉಳಿದಿತ್ತು. ನಿನ್ನೆಯ ಜಿಟಿಜಿಟಿ ಮಳೆಗೆ ಒಣಗಿರಲಿಲ್ಲವೆಂದು ಗಂಟಿನಲ್ಲಿ ಕಟ್ಟಿರಲಿಲ್ಲ. ದುರ್ಗಕ್ಕ ಹತ್ತಿರ ಹೋಗಿ ಮುಟ್ಟಿ ನೋಡಿದಳು. ಬಿಸಿಲಿಗಿದ್ದ ಕಡೆ ಗರಿಗರಿಯಾಗಿತ್ತು, ಒಳಮಗ್ಗುಲು ಇನ್ನೂ ತಣ್ಣಗಿತ್ತು. ಮೆಲ್ಲಗೆ ಎತ್ತಿ, ಸುಕ್ಕು ಬಿಡಿಸಿ, ಇನ್ನೊಂದು ಮಗ್ಗುಲಿಗೆ ಹಾಕಿದಳು.